ಅಪ್ಪನ ಗುಣ, ಮಾತ್ರೆಯ ಗುಣ

ನನ್ನ ಬೀರುವಿನಲ್ಲಿ ಒಂದು ನೀಲಿ ರಟ್ಟಿನ ಫೈಲಿದೆ. ಅಪ್ಪನದು. ಒಳಗೆ ಕರೆಂಟ್ ಬಿಲ್ಲು, ಗ್ಯಾಸ್ ರಸೀದಿ, ವಿಮೆ ಕಂತು, ಅಡಿಕೆ ಮಂಡಿಯ ಪಟ್ಟಿ, ಎಲ್ಲ ತಾರೀಖಿನ ಪ್ರಕಾರ ಪೋಣಿಸಿಟ್ಟಿದೆ. ಪ್ರತಿ ಹಾಳೆಯ ಬಲಮೂಲೆಯಲ್ಲಿ ಕೆಂಪು ಪೆನ್ನಿನ ನಂಬರು. 214ನೇ ಹಾಳೆ 2018ರ ಆಗಸ್ಟ್ ತಿಂಗಳ ಕರೆಂಟ್ ಬಿಲ್ಲು. 215ನೇದು ಚಿನ್ನದ ಸಾಲದ ರಸೀದಿ. ವಿವರ ಬರೆಯುವ ಜಾಗದಲ್ಲಿ ‘ಅವಲಕ್ಕಿ ಸರ ಒಂದು, 38 ಗ್ರಾಂ’ ಎಂದಿದೆ. ಅಮ್ಮನ ಮದುವೆಯ ಸರ. 216 ಮತ್ತೆ ಗ್ಯಾಸ್ ರಸೀದಿ.

ಹೆಂಡತಿಯ ಸರವನ್ನು ಹೇಳದೆ ಕೇಳದೆ ಅಡವಿಟ್ಟವನು ರಸೀದಿಯನ್ನು ಹರಿದು ಒಲೆಗೆ ಹಾಕುತ್ತಾನೆ, ಅಲ್ವಾ? ಅಪ್ಪ ಅದಕ್ಕೆ ನಂಬರು ಹಾಕಿ, ತೂತು ಹೊಡೆದು, ಫೈಲಿಗೆ ಸೇರಿಸಿದ್ದ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು. ಪಾರ್ಕಿನ್‌ಸನ್ ಕಾಯಿಲೆಯವರು ಇರುವ ಯಾವುದಾದರೂ ಮನೆಯಲ್ಲಿ ಯಾರಾದರೂ ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಅಪ್ಪನನ್ನು ಕೇಳಿಯೇ ಬರೆಯುತ್ತಿದ್ದೇನೆ.

ಅಪ್ಪ ನಮ್ಮೂರ ಸೊಸೈಟಿಯಲ್ಲಿ 31 ವರ್ಷ ಕ್ಯಾಷಿಯರ್ ಆಗಿದ್ದ. ಸಂಜೆ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚಾದರೂ ಕಡಿಮೆಯಾದರೂ ಮನೆಗೆ ಬರುತ್ತಿರಲಿಲ್ಲ. ಅಮ್ಮ ಊಟಕ್ಕೆ ಕಾದು ಕಾದು, ಕೊನೆಗೆ ನಮ್ಮಿಬ್ಬರಿಗೆ ಬಡಿಸುತ್ತಿದ್ದಳು. ಹತ್ತು ಗಂಟೆಗೆ ಬಂದು, “ಸಿಕ್ತು ಕಣೆ, ಕೂಡೋದ್ರಲ್ಲಿ ತಪ್ಪಿತ್ತು” ಅಂದು ನಗುತ್ತಿದ್ದ. ಇಸ್ಪೀಟು ಅಂದರೆ ಆಗದು. ಮಲೆನಾಡಿನ ಮದುವೆ ಮನೆಗಳು ಗೊತ್ತಲ್ಲ, ಹಿಂದಿನ ರಾತ್ರಿ ಚಪ್ಪರದ ಮೂಲೆಯಲ್ಲಿ ಜಮಖಾನ ಹಾಸಿ ಹತ್ತು ಜನ ಎಲೆ ಹಾಕುತ್ತಾ ಕೂರುತ್ತಾರೆ. ಅಪ್ಪ ಅಲ್ಲಿಂದ ಎದ್ದು ಅಡುಗೆಯವರ ಹತ್ತಿರ ಹೋಗಿ ಕಾಯಿ ತುರಿಯುತ್ತಿದ್ದ. ಕಾರಣ ಇತ್ತು. ಅಜ್ಜ ಅರ್ಧ ಎಕರೆ ಅಡಿಕೆ ತೋಟವನ್ನು ಇಸ್ಪೀಟಿನಲ್ಲಿ ಕಳೆದಿದ್ದ. ಆ ತೋಟ ಈಗಲೂ ನಮ್ಮ ಬೇಲಿಯ ಆಚೆಗೇ ಇದೆ, ಬೇರೆಯವರ ಹೆಸರಿನಲ್ಲಿ. ಅಪ್ಪ ಅದನ್ನು ನೋಡುತ್ತಲೇ ಬೆಳೆದವನು.

2015ರಲ್ಲಿ ಅಪ್ಪನ ಅಕ್ಷರ ಸಣ್ಣದಾಯಿತು. ಮೊದಲು ಗಮನಿಸಿದ್ದು ಸೊಸೈಟಿಯ ಕಾರ್ಯದರ್ಶಿ. ಲೆಡ್ಜರಿನಲ್ಲಿ ಸಾಲಿನ ಶುರುವಿನಲ್ಲಿ ದುಂಡಗೆ ಇರುತ್ತಿದ್ದ ಅಕ್ಷರ, ಸಾಲು ಮುಗಿಯುವ ಹೊತ್ತಿಗೆ ಇರುವೆ ಸಾಲಾಗುತ್ತಿತ್ತು. ಆಮೇಲೆ ನಡೆಯುವಾಗ ಎಡಗೈ ಬೀಸುವುದು ನಿಂತಿತು. ಅಂಗಿಯ ಗುಂಡಿ ಹಾಕಲು ಹತ್ತು ನಿಮಿಷ. ಆಗ ಅಪ್ಪನಿಗೆ 57. ಇನ್ನೂ ಸರ್ವಿಸ್ ಇತ್ತು.

ಡಾಕ್ಟರು ಪಾರ್ಕಿನ್‌ಸನ್ ಅಂದರು. ಪ್ರಾಮಿಪೆಕ್ಸೋಲ್ ಎಂಬ ಮಾತ್ರೆ ಶುರು ಮಾಡಿದರು. ಇದು ಡೋಪಮೈನ್ ಅಗೊನಿಸ್ಟ್ ಎಂಬ ಗುಂಪಿನದು, ಅಂದರೆ ಮಿದುಳಿನ ಡೋಪಮೈನ್ ಎಂಬ ರಾಸಾಯನಿಕದ ಕೆಲಸವನ್ನು ತಾನೇ ಮಾಡುವ ಮಾತ್ರೆ. ಸಿಂಡೋಪಾ ಅಂತ ಎಲ್ಲರೂ ಕರೆಯುವ ಲೆವೊಡೋಪಾ ಮಾತ್ರೆಯನ್ನು ಯಾಕೆ ಮೊದಲೇ ಕೊಡಲಿಲ್ಲ ಅಂತ ಆಮೇಲೆ ನಾನು ಕೇಳಿದ್ದೆ. ವಯಸ್ಸು ಕಡಿಮೆ ಇದ್ದವರಿಗೆ ಲೆವೊಡೋಪಾ ವರ್ಷಗಟ್ಟಲೆ ಕೊಟ್ಟರೆ ಮೈ ತಾನಾಗಿಯೇ ತೂರಾಡುವ, ತಿರುಚುವ ತೊಂದರೆ ಬೇಗ ಬರುತ್ತದೆ. ಅದನ್ನು ಮುಂದೂಡಲು ಅಗೊನಿಸ್ಟಿನಿಂದ ಶುರು ಮಾಡುವ ರೂಢಿ ಇದೆ. ಕಾರಣ ಸರಿಯಾದದ್ದೇ. ದಿನಕ್ಕೆ ಮೂರು ಸಲ 0.125 ಮಿಲಿಗ್ರಾಂನಿಂದ ಶುರುವಾಗಿ, ಏರುತ್ತಾ ಏರುತ್ತಾ ದಿನಕ್ಕೆ 3 ಮಿಲಿಗ್ರಾಂಗೆ ಬಂತು.

ಮಾತ್ರೆ ಕೆಲಸ ಮಾಡಿತು. ಇದನ್ನು ಒತ್ತಿ ಹೇಳಬೇಕು. ಅಪ್ಪನ ಅಕ್ಷರ ಮತ್ತೆ ದುಂಡಗಾಯಿತು. ತಾನೇ ಗುಂಡಿ ಹಾಕಿಕೊಂಡ. ತೋಟಕ್ಕೆ ಹೋಗಿ ಬಂದ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ನಿಂತ ಫೋಟೋದಲ್ಲಿ ಅವನಿಗೆ ಕಾಯಿಲೆ ಇದೆ ಅಂತ ಯಾರೂ ಹೇಳಲಾರರು. ಅಮ್ಮ ಮಾತ್ರೆಯ ಸ್ಟ್ರಿಪ್ಪನ್ನು ದೇವರ ಮನೆಯ ಕಪಾಟಿನಲ್ಲಿಡುತ್ತಿದ್ದಳು.

ರಾತ್ರಿ ಎಚ್ಚರ ಇರುವುದು ಶುರುವಾದದ್ದು 2017ರ ಕೊನೆಗೆ ಇರಬೇಕು. ನಾನು ದಾವಣಗೆರೆಯಲ್ಲಿ ಕೆಲಸದಲ್ಲಿದ್ದೆ, ಎರಡು ತಿಂಗಳಿಗೊಮ್ಮೆ ಊರಿಗೆ ಬರುತ್ತಿದ್ದೆ. ಒಂದು ರಾತ್ರಿ ಎರಡೂವರೆಗೆ ನೀರು ಕುಡಿಯಲು ಎದ್ದರೆ ಜಗುಲಿಯಲ್ಲಿ ದೀಪ. ಅಪ್ಪ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಹಳೇ ಟ್ರಂಕು ಬರಿದಾಗಿತ್ತು. ಸುತ್ತ ರಸೀದಿಗಳು. ತಾರೀಖಿನ ಪ್ರಕಾರ ಒಂದು ಸಲ ಜೋಡಿಸಿದ. ಎಲ್ಲವನ್ನೂ ಕೂಡಿಸಿ, ಮತ್ತೆ ಅಳತೆಯ ಪ್ರಕಾರ ಜೋಡಿಸಿದ. ಆಮೇಲೆ ಬಣ್ಣದ ಪ್ರಕಾರ. ನಾನು ಬಾಗಿಲಲ್ಲಿ ನಿಂತಿದ್ದು ಅವನಿಗೆ ತಿಳಿಯಲೇ ಇಲ್ಲ. ಬೆರಳು ಮಾತ್ರ ಓಡುತ್ತಿತ್ತು. ಹೆಬ್ಬೆಟ್ಟಿಗೆ ನಾಲಿಗೆ ತಾಗಿಸಿ ನೋಟು ಎಣಿಸುತ್ತಿದ್ದನಲ್ಲ ಕ್ಯಾಷಿನಲ್ಲಿ, ಹಾಗೇ. “ಮಲಗಪ್ಪ” ಅಂದೆ. “ಇದೊಂದು ಮುಗಿಸಿ” ಅಂದ. ಬೆಳಿಗ್ಗೆ ಆರಕ್ಕೆ ಎದ್ದಾಗಲೂ ಅಲ್ಲೇ ಇದ್ದ. ಅದು ಮುಗಿಯುವ ಕೆಲಸ ಆಗಿರಲಿಲ್ಲ.

ನಾವು ಅದನ್ನು ನಿವೃತ್ತಿಯ ಬೇಜಾರು ಅಂದುಕೊಂಡೆವು. ಊರಿನ ಡಾಕ್ಟರು ವಯಸ್ಸಾದ ಮೇಲೆ ನಿದ್ದೆ ಕಡಿಮೆ ಅಂದು ನಿದ್ದೆ ಮಾತ್ರೆ ಬರೆದರು. ಈ ಸ್ಥಿತಿಗೆ ‘ಪಂಡಿಂಗ್’ ಎಂಬ ಹೆಸರಿದೆ ಅಂತ ಆಗ ಯಾರು ಹೇಳಬೇಕು? ಅದು ಸ್ವೀಡನ್ನಿನ ಬೀದಿ ಮಾತು. ಅಲ್ಲಿ ಆಂಫೆಟಮೈನ್ ಚಟದವರು ಗಂಟೆಗಟ್ಟಲೆ ಒಂದೇ ಅರ್ಥವಿಲ್ಲದ ಕೆಲಸ ಮಾಡುತ್ತಾ ಕೂರುವುದನ್ನು ನೋಡಿ 1970ರ ದಶಕದ ಶುರುವಿನಲ್ಲಿ ವೈದ್ಯರು ಆ ಪದವನ್ನು ಎತ್ತಿಕೊಂಡರು. ಪಾರ್ಕಿನ್‌ಸನ್ ಔಷಧಿ ತಗೊಳ್ಳುವ ಕೆಲವರಲ್ಲೂ ಅದೇ ಕಾಣುತ್ತದೆ. ಅವರವರು ಮಾಡಿಕೊಂಡು ಬಂದ ಕೆಲಸದ ನೆರಳು ಅದರಲ್ಲಿರುತ್ತದೆ. ಬಟ್ಟೆ ಹೊಲಿಯುತ್ತಿದ್ದವರು ಗುಂಡಿ ಆರಿಸುತ್ತಾರೆ, ಆಫೀಸಿನವರು ಕಾಗದ ಜೋಡಿಸುತ್ತಾರೆ. ಕ್ಯಾಷಿಯರ್ ರಸೀದಿ ಜೋಡಿಸಿದ.

ಆಮೇಲೆ ಪಾರ್ಸೆಲ್ಲುಗಳು. ಒಂದು ವಾಚು, ಇನ್ನೊಂದು ವಾಚು, ಟಾರ್ಚು, ಮತ್ತೆ ವಾಚು. ಅಮ್ಮ ಮಂಚದ ಕೆಳಗೆ ಗುಡಿಸುವಾಗ ಸಿಕ್ಕಿದ್ದು ಹನ್ನೊಂದು ವಾಚು. ನಾಲ್ಕರ ಡಬ್ಬ ಬಿಚ್ಚಿಯೂ ಇರಲಿಲ್ಲ. ಮೂವತ್ತು ವರ್ಷ ಒಂದೇ ವಾಚಿಗೆ ಪಟ್ಟಿ ಬದಲಿಸುತ್ತಾ ಬಂದ ಮನುಷ್ಯ ಅವನು.

ರಮ್ಮಿ ಗೊತ್ತಾಗಿದ್ದು ಎಲ್ಲಕ್ಕಿಂತ ಕೊನೆಗೆ. 2019ರ ಏಪ್ರಿಲ್‌ನಲ್ಲಿ ಚಿಕ್ಕಮ್ಮನ ಮಗಳ ಮದುವೆ. ಅಮ್ಮ ಸರ ಹಾಕಿಕೊಳ್ಳಬೇಕು ಅಂದಳು. ಲಾಕರಿನಲ್ಲಿದೆ ಅಂದ ಅಪ್ಪ. ಲಾಕರಿನ ಕೀಲಿ ಕಳೆದಿದೆ ಅಂದ. ಕೀಲಿ ಗೂಡಿನಲ್ಲೇ ಇತ್ತು. ನಾನು ಫೈಲು ತೆಗೆದೆ, ಲಾಕರಿನ ರಸೀದಿ ಹುಡುಕಲು. 215 ಸಿಕ್ಕಿತು. ಮುಂದೆ ತಿರುವಿದರೆ 231, ಬಳೆ. 240, ಅಪ್ಪನ ಉಂಗುರ. ಬ್ಯಾಂಕಿನ ಪಾಸ್‌ಬುಕ್ಕಿನ ಜೆರಾಕ್ಸ್ ಹಾಳೆಗಳು, ಒಂದೊಂದು ಸಾವಿರ, ಎರಡೆರಡು ಸಾವಿರದ ಸಾಲು ಸಾಲು ಖರ್ಚು, ಬಹಳಷ್ಟು ರಾತ್ರಿ ಹನ್ನೆರಡರ ಮೇಲೆ. ಕೂಡಿದೆ. ಆರು ಲಕ್ಷ ನಲವತ್ತು ಸಾವಿರ ಚಿಲ್ಲರೆ. ಫೋನಿನಲ್ಲಿ ಆಡುವ ಹದಿಮೂರೆಲೆ ರಮ್ಮಿ.

ಆಗ ನಾನು ಒಂದು ಮಾತು ಆಡಿದೆ. “ಎಷ್ಟಂದರೂ ನೀನು ಅಜ್ಜನ ಮಗನೇ” ಅಂದೆ. ಅಪ್ಪ ಏನೂ ಹೇಳಲಿಲ್ಲ. ಹೊರಗೆ ಹೋಗಿ ಬೇಲಿಯ ಹತ್ತಿರ ನಿಂತ, ಕತ್ತಲಾಗುವವರೆಗೆ.

ನೆಂಟರಿಗೆ ತಿಳಿಯಿತು. ಇಂಥದ್ದು ಮುಚ್ಚಿಡಲು ಆಗುತ್ತದೆಯೇ? ದೊಡ್ಡಪ್ಪ ಬಂದು ಕೂತು, “ಹುಟ್ಟುಗುಣ ಸುಟ್ಟರೂ ಹೋಗಲ್ಲ. ಒಳಗೇ ಇತ್ತು, ಈಗ ಹೊರಗೆ ಬಂತು” ಅಂದರು. ಸಾಡೇಸಾತಿ ಅಂದರು ಇನ್ನೊಬ್ಬರು. ಅಮ್ಮ ಶನಿವಾರ ಎಳ್ಳೆಣ್ಣೆ ದೀಪ ಹಚ್ಚಿದಳು. ಮಾಟ ಮಾಡಿಸಿದ್ದಾರೆ ಅಂತ ನಿಂಬೆಹಣ್ಣು ಕೊಯ್ದದ್ದೂ ಆಯಿತು. ಯಾರಿಗೂ ಮಾತ್ರೆಯ ನೆನಪು ಬರಲಿಲ್ಲ. ನನಗೂ. ಮಾತ್ರೆ ಕೈಯನ್ನು ಸರಿ ಮಾಡಿತ್ತಲ್ಲ, ಅದನ್ನು ಯಾರು ಅನುಮಾನಿಸುತ್ತಾರೆ?

ಸುಮ್ನೆ ಆರು ತಿಂಗಳ ತಪಾಸಣೆಗೆ ಅಂತ ಬೆಂಗಳೂರಿಗೆ ಹೋದೆವು. ಅಂದು ಇದ್ದದ್ದು ಬೇರೆ ಡಾಕ್ಟರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರಿರಬೇಕು. ಕೈ ಮಡಚಿಸಿ ನೋಡಿದರು, ನಡೆಸಿ ನೋಡಿದರು. ಆಮೇಲೆ ಚೀಟಿ ಬರೆಯುತ್ತಾ, ತಲೆ ಎತ್ತದೆ, ಊಟ ಆಯ್ತಾ ಅಂತ ಕೇಳುವ ಹಾಗೆ ಕೇಳಿದರು: “ಖರ್ಚು ಏನಾದರೂ ಜಾಸ್ತಿ ಆಗಿದೆಯಾ? ಇಸ್ಪೀಟು, ಲಾಟರಿ, ರಮ್ಮಿ? ಸಿಹಿ ತಿನ್ನೋದು? ರಾತ್ರಿ ಎದ್ದು ಏನಾದರೂ ಬಿಚ್ಚೋದು, ಜೋಡಿಸೋದು?”

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅವರು ಪೆನ್ನು ಕೆಳಗಿಟ್ಟರು. “ಇದು ಈ ಮಾತ್ರೆಯಿಂದ ಆಗುತ್ತದೆ. ನಿಮ್ಮ ತಪ್ಪಲ್ಲ” ಅಂದರು ಅಪ್ಪನಿಗೆ. ಅಪ್ಪ ಅತ್ತ. ನಾನು ಹುಟ್ಟಿದ ಮೇಲೆ ಅಪ್ಪ ಅತ್ತದ್ದನ್ನು ನೋಡಿದ್ದು ಅದೇ ಮೊದಲು. ಆಮೇಲೆ ಡಾಕ್ಟರು ನನ್ನನ್ನೂ ಅಪ್ಪನನ್ನೂ ಸ್ವಲ್ಪ ಹೊರಗೆ ಕೂರಿ ಅಂದರು. ಅಮ್ಮನನ್ನು ಮಾತ್ರ ಒಳಗೆ ಉಳಿಸಿಕೊಂಡರು. ಹದಿನೈದು ನಿಮಿಷ. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಬಂದಳು. ಒಳಗೆ ಏನು ಮಾತಾಯಿತು ಅಂತ ನಾನು ಕೇಳಲಿಲ್ಲ, ಕೇಳುವುದೂ ಇಲ್ಲ. ಈ ಮಾತ್ರೆಗಳು ಲೈಂಗಿಕ ಆಸೆಯನ್ನೂ ಅಂಕೆ ಮೀರಿ ಕೆರಳಿಸಬಹುದು ಅಂತ ಆಮೇಲೆ ಓದಿದೆ. ನಮ್ಮ ಮನೆಗಳಲ್ಲಿ ಅರವತ್ತರ ಹೆಂಗಸು ಅದನ್ನು ಯಾರ ಹತ್ತಿರ ಹೇಳುತ್ತಾಳೆ? ಮಗಳ ಎದುರು ಹೇಳುತ್ತಾಳಾ? ಗಂಡನ ಎದುರು? ಆ ಡಾಕ್ಟರು ಬಾಗಿಲು ಹಾಕಿ ಕೇಳಿದ್ದಕ್ಕೆ ನಾನು ಅವರಿಗೆ ಸಾಯುವವರೆಗೆ ಋಣಿ.

ಮನೆಗೆ ಬಂದು ಓದಲು ಕೂತೆ. ನನಗೆ ಅರ್ಥವಾದದ್ದನ್ನು ತೋಟದ ಭಾಷೆಯಲ್ಲೇ ಹೇಳುತ್ತೇನೆ. ಮಿದುಳಿನ ಆಳದಲ್ಲಿ ಕಪ್ಪಗಿನ ಒಂದು ಸಣ್ಣ ಜಾಗ ಇದೆ. ಹೆಸರು ಸಬ್‌ಸ್ಟಾನ್ಷಿಯಾ ನೈಗ್ರಾ, ಲ್ಯಾಟಿನ್ನಿನಲ್ಲಿ ಕಪ್ಪು ವಸ್ತು ಅಂತಲೇ ಅರ್ಥ. ಅಲ್ಲಿನ ಕೋಶಗಳು ಡೋಪಮೈನ್ ತಯಾರಿಸಿ ಬೇರೆ ಕಡೆಗೆ ಹರಿಸುತ್ತವೆ. ಪಾರ್ಕಿನ್‌ಸನ್‌ನಲ್ಲಿ ಅವು ಸಾಯುತ್ತವೆ. ಆದರೆ ಎಲ್ಲ ಕಾಲುವೆಯೂ ಒಟ್ಟಿಗೆ ಬತ್ತುವುದಿಲ್ಲ. ಕೈಕಾಲಿನ ಚಲನೆ ನೋಡಿಕೊಳ್ಳುವ ಮೇಲಿನ ತೋಟ ಮೊದಲು ಒಣಗುತ್ತದೆ. ಆಸೆ, ನಿರೀಕ್ಷೆ, ಬಹುಮಾನದ ಸೆಳೆತ ಇವೆಲ್ಲ ಇರುವ ಕೆಳಗಿನ ತೋಟಕ್ಕೆ ಒರತೆ ಇನ್ನೂ ಇರುತ್ತದೆ. ಮಾತ್ರೆ ಅಂದರೆ ಪಂಪು. ಮೇಲಿನ ತೋಟಕ್ಕೆ ಸಾಕಾಗುವಷ್ಟು ನೀರು ಬಿಟ್ಟರೆ, ಕೆಳಗಿನ ತೋಟದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಅದರ ಮೇಲೆ, ಪ್ರಾಮಿಪೆಕ್ಸೋಲ್, ರೋಪಿನಿರೋಲ್‌ನಂಥ ಅಗೊನಿಸ್ಟುಗಳು ಡೋಪಮೈನ್ ಆಗಿ ಮಾರ್ಪಡುವುದಿಲ್ಲ. ಅದರ ವೇಷ ಹಾಕಿಕೊಂಡು ಹೋಗಿ ಅದು ಕೂರುವ ಜಾಗದಲ್ಲಿ ತಾವೇ ಕೂರುತ್ತವೆ. ಅವಕ್ಕೆ ಹೆಚ್ಚು ಇಷ್ಟವಾದ ಡಿ3 ಎಂಬ ಜಾಗಗಳು ದಟ್ಟವಾಗಿರುವುದು ಆ ಕೆಳಗಿನ ತೋಟದಲ್ಲೇ.

ಇದು ಯಾರೋ ಒಬ್ಬಿಬ್ಬರಿಗೆ ಆಗುವುದಲ್ಲ. 2003ರಲ್ಲಿ ಅಮೆರಿಕದ ಫೀನಿಕ್ಸ್ ನಗರದ ವೈದ್ಯರು ತಮ್ಮ 1,884 ರೋಗಿಗಳ ದಾಖಲೆ ತೆಗೆದು ನೋಡಿ, ಜೂಜಿಗೆ ಬಿದ್ದ 9 ಜನರ ಬಗ್ಗೆ ಬರೆದರು. ಒಂಬತ್ತೂ ಜನ ಅಗೊನಿಸ್ಟ್ ತಗೊಳ್ಳುತ್ತಿದ್ದರು, ಎಂಟು ಜನ ಪ್ರಾಮಿಪೆಕ್ಸೋಲ್. ಆಗ ಸಂಖ್ಯೆ ಸಣ್ಣದು ಅನ್ನಿಸಿತು. ಆದರೆ ಹಳೇ ದಾಖಲೆ ನೋಡುವುದು ಬೇರೆ, ರೋಗಿಯನ್ನು ಎದುರು ಕೂರಿಸಿಕೊಂಡು ಕೇಳುವುದು ಬೇರೆ. 2010ರಲ್ಲಿ ಪ್ರಕಟವಾದ ಡೊಮಿನಿಯನ್ ಅಧ್ಯಯನದಲ್ಲಿ ಅಮೆರಿಕ ಮತ್ತು ಕೆನಡಾದ 3,090 ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಕೇಳಿದರು. ಜೂಜು, ಖರೀದಿ, ಲೈಂಗಿಕತೆ, ತಿನ್ನುವುದು, ಈ ನಾಲ್ಕರಲ್ಲಿ ಒಂದಾದರೂ ಅಂಕೆ ತಪ್ಪಿದ್ದು ನೂರಕ್ಕೆ 13.6 ಜನರಲ್ಲಿ. ಅಗೊನಿಸ್ಟ್ ತಗೊಳ್ಳುವವರಲ್ಲಿ 17.1, ತಗೊಳ್ಳದವರಲ್ಲಿ 6.9. ಫ್ರಾನ್ಸಿನವರು ರೋಗಿಗಳನ್ನು ಐದು ವರ್ಷ ಬಿಡದೆ ಗಮನಿಸಿ 2018ರಲ್ಲಿ ಹೇಳಿದ್ದು ಇನ್ನೂ ಗಾಬರಿ ಹುಟ್ಟಿಸುವಂಥದ್ದು. ಅಗೊನಿಸ್ಟ್ ತಗೊಂಡವರಲ್ಲಿ ಆ ಐದು ವರ್ಷದೊಳಗೆ ಸುಮಾರು ಅರ್ಧದಷ್ಟು ಜನ ಯಾವುದಾದರೂ ಒಂದಕ್ಕೆ ಸಿಕ್ಕಿದ್ದರು. ಕೇಳಿದರೆ ಗೊತ್ತಾಗುತ್ತದೆ. ಕೇಳದಿದ್ದರೆ ಮನೆ ಮುರಿಯುತ್ತದೆ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿಷಯ. ಡೋಪಮೈನ್ ಅಂದರೆ ಸುಖ ಅಂತ ನಾನು ತಿಳಿದಿದ್ದೆ. ವೋಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳ ಮಿದುಳಿನಲ್ಲಿ ಈ ಕೋಶಗಳು ಯಾವಾಗ ಮಿಡಿಯುತ್ತವೆ ಅಂತ ಅಳೆದರು. ದೀಪ ಹತ್ತಿದರೆ ಹಣ್ಣಿನ ರಸ ಬರುತ್ತದೆ ಅಂತ ಮಂಗ ಕಲಿತ ಮೇಲೆ, ಕೋಶಗಳು ರಸಕ್ಕೆ ಮಿಡಿಯುವುದಿಲ್ಲ. ದೀಪಕ್ಕೆ ಮಿಡಿಯುತ್ತವೆ. ದೀಪ ಹತ್ತಿಯೂ ರಸ ಬಾರದಿದ್ದರೆ ಅವು ಒಮ್ಮೆ ತಣ್ಣಗಾಗುತ್ತವೆ. ಆ ಒಂದು ಕ್ಷಣದ ಕುಸಿತವೇ ನಿರಾಸೆ, ಅದೇ ಪಾಠ. ಮಾತ್ರೆ ತಗೊಂಡವರಲ್ಲಿ ಡೋಪಮೈನಿನ ಕೆಲಸ ಎಡೆಬಿಡದೆ ನಡೆದೇ ಇರುತ್ತದೆ, ಆ ಕುಸಿತ ಮುಚ್ಚಿಹೋಗುತ್ತದೆ. 2004ರಲ್ಲಿ ಅಮೆರಿಕದ ಸಂಶೋಧಕರು ಪಾರ್ಕಿನ್‌ಸನ್ ರೋಗಿಗಳಿಗೆ ಜೋಡಿ ಜೋಡಿ ಜಪಾನಿ ಅಕ್ಷರ ತೋರಿಸಿ ಒಂದನ್ನು ಆರಿಸಿ ಅಂದರು, ಸರಿ ತಪ್ಪು ಹೇಳುತ್ತಾ ಹೋದರು. ಮಾತ್ರೆ ತಗೊಳ್ಳದೆ ಬಂದವರು ತಪ್ಪಿನಿಂದ ಚೆನ್ನಾಗಿ ಕಲಿತರು. ತಗೊಂಡು ಬಂದವರು ಗೆದ್ದದ್ದರಿಂದ ಕಲಿತರು, ಸೋತದ್ದರಿಂದ ಕಲಿಯಲಿಲ್ಲ.

ಇದನ್ನು ಓದಿದ ದಿನ ಅಪ್ಪನ ಪಕ್ಕ ಕೂತು ಕೇಳಿದೆ, ಸೋತಾಗ ಏನನ್ನಿಸುತ್ತಿತ್ತು ಅಂತ. ಬಹಳ ಹೊತ್ತು ಯೋಚಿಸಿದ.

“ಸೋತೆ ಅಂತ ಅನ್ನಿಸ್ತಾನೇ ಇರಲಿಲ್ಲ ಮಾರಾಯ್ತಿ. ಇನ್ನೊಂದು ಎಲೆ ಬರಬೇಕು, ಅಷ್ಟೇ ಅನ್ನಿಸ್ತಿತ್ತು. ಸರ ಅಡವಿಟ್ಟು ಬರುವಾಗಲೂ ಬಿಡಿಸಿಕೊಂಡೇ ಬಿಟ್ಟೆ ಅನ್ನೋ ಹಾಗೇ ಇತ್ತು.”

ಅದಕ್ಕೇ ರಸೀದಿ ಫೈಲಿನಲ್ಲಿತ್ತು. ಬಚ್ಚಿಡುವ ಅಗತ್ಯವೇ ಅವನಿಗೆ ಕಂಡಿರಲಿಲ್ಲ. ಅದು ನಾಳೆ ತೀರುವ ಲೆಕ್ಕ. ಒಂದು ರೂಪಾಯಿ ತಪ್ಪಿದರೆ ಹತ್ತು ಗಂಟೆವರೆಗೆ ಹುಡುಕುತ್ತಿದ್ದ ಕಣ್ಣಿಗೆ ಆರು ಲಕ್ಷದ ತಪ್ಪು ತಪ್ಪಾಗಿ ಕಾಣಲಿಲ್ಲ. ಕೀಲಿ ಕಳೆದಿದೆ ಅಂತ ಸುಳ್ಳು ಹೇಳಿದ್ದು ಯಾಕೆ ಹಾಗಾದರೆ ಅಂತಲೂ ಕೇಳಿದೆ. “ನಿಮ್ಮಮ್ಮ ಬೇಜಾರು ಮಾಡ್ಕೋತಾಳೆ ಅಂತ ಗೊತ್ತಿತ್ತು” ಅಂದ. ಹೆಂಡತಿಯ ಬೇಜಾರು ಗೊತ್ತಾಗುತ್ತಿತ್ತು, ತನ್ನದು ಗೊತ್ತಾಗುತ್ತಿರಲಿಲ್ಲ.

ಮಾತ್ರೆ ಬಿಡಿಸುವುದು ಸುಲಭ ಇರಲಿಲ್ಲ. ಕಾರಣ ಗೊತ್ತಾದ ದಿನವೇ ಎಲ್ಲವನ್ನೂ ತಿಪ್ಪೆಗೆ ಎಸೆಯಬೇಕು ಅನ್ನಿಸಿತ್ತು ನನಗೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಪಾರ್ಕಿನ್‌ಸನ್ ಔಷಧಿಯನ್ನು ಒಮ್ಮೆಲೇ ನಿಲ್ಲಿಸಿದರೆ ಮೈ ಮರಗಟ್ಟಿ, ಜ್ವರ ಏರಿ ಜೀವಕ್ಕೇ ಕುತ್ತು ಬರಬಹುದು. ಡಾಕ್ಟರು ವಾರ ವಾರ ಸ್ವಲ್ಪ ಸ್ವಲ್ಪ ಇಳಿಸುತ್ತಾ, ಆ ಕಡೆ ಸಿಂಡೋಪಾ ಏರಿಸುತ್ತಾ ಬಂದರು. ಆದರೂ ಅಪ್ಪ ನರಳಿದ. ಮೈಯೆಲ್ಲ ಬೆವರು. ಎದೆ ಢವಢವ. ಏನೂ ಬೇಡ, ಯಾರೂ ಬೇಡ ಅನ್ನುವಂಥ ಮಂಕು. ಒಂದು ಸಂಜೆ ಅಮ್ಮನ ಕೈ ಹಿಡಿದು, “ಅರ್ಧ ಕೊಡೆ, ಅರ್ಧ ಸಾಕು” ಅಂತ ಮಗುವಿನ ಹಾಗೆ ಬೇಡಿದ. ಅಮ್ಮ ಮಾತ್ರೆಯನ್ನು ಅಕ್ಕಿ ಡಬ್ಬದೊಳಗೆ ಇಡುತ್ತಿದ್ದಳು. ಅಗೊನಿಸ್ಟ್ ಬಿಡುವಾಗ ಕೆಲವರಿಗೆ ಹೀಗೆ ಆಗುತ್ತದೆ, ಸಿಂಡೋಪಾ ಹೆಚ್ಚು ಕೊಟ್ಟರೂ ತಗ್ಗುವುದಿಲ್ಲ ಅಂತ 2010ರಲ್ಲಿ ವೈದ್ಯರು ಬರೆದಿದ್ದಾರೆ. ಜೂಜಿಗೆ ಬಿದ್ದವರಿಗೇ ಬಿಡುವ ಕಷ್ಟವೂ ಹೆಚ್ಚು. ಅಪ್ಪನಿಗೆ ನಾಲ್ಕು ತಿಂಗಳು ಹಿಡಿಯಿತು.

ಆ ನಾಲ್ಕು ತಿಂಗಳಲ್ಲಿ ನೆಂಟರೊಬ್ಬರು ನಸುಗುನ್ನಿ ಪುಡಿ ತಂದುಕೊಟ್ಟರು. ಕಾಡಿನಲ್ಲಿ ಮೈಗೆ ತಾಗಿದರೆ ತುರಿಸಿ ತುರಿಸಿ ಸಾಯುವಂತೆ ಮಾಡುತ್ತದಲ್ಲ, ಅದೇ ನಸುಗುನ್ನಿಯ ಬೀಜ. “ಇಂಗ್ಲಿಷ್ ಔಷಧಿ ಹಾಗೆ ಅಲ್ಲ, ಸೈಡ್ ಎಫೆಕ್ಟ್ ಇಲ್ಲ” ಅಂದರು. ಅವರ ಪ್ರೀತಿ ದೊಡ್ಡದು. ಆದರೆ ಆ ಬೀಜದಲ್ಲಿ ಇರುವುದೂ ಲೆವೊಡೋಪಾನೇ. 1937ರಲ್ಲೇ ಮದರಾಸಿನಲ್ಲಿ ನಮ್ಮವರೇ ಅದನ್ನು ನಸುಗುನ್ನಿ ಬೀಜದಿಂದ ಬೇರ್ಪಡಿಸಿ ತೋರಿಸಿದ್ದರು, ಪಾರ್ಕಿನ್‌ಸನ್‌ಗೆ ಅದು ಔಷಧಿ ಅಂತ ಜಗತ್ತಿಗೆ ತಿಳಿಯುವ ಎಷ್ಟೋ ವರ್ಷ ಮೊದಲು. ಕಂಪವಾತಕ್ಕೆ ಆಯುರ್ವೇದದಲ್ಲಿ ಅದನ್ನು ಬಳಸುವುದರಲ್ಲಿ ಹುರುಳಿದೆ. ಹುರುಳಿರುವುದರಿಂದಲೇ, ಡಾಕ್ಟರಿಗೆ ಹೇಳದೆ ಸಿಂಡೋಪಾದ ಮೇಲೆ ಅದನ್ನೂ ಕೊಟ್ಟರೆ ಔಷಧಿಯ ಮೇಲೆ ಔಷಧಿ ಸುರಿದ ಹಾಗೆ. ಪುಡಿ ಕಪಾಟಿನಲ್ಲೇ ಉಳಿಯಿತು.

ನನಗೆ ಸಿಟ್ಟು ಬರುವುದು ಇಲ್ಲಿ. ಮಾತ್ರೆಯ ಜೊತೆ ಬರುವ ಹಾಳೆಯಲ್ಲಿ ಈ ಎಚ್ಚರಿಕೆ ಇದೆ. ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಅದೂ ನಮ್ಮ ಕೈಗೆ ಸಿಗಲಿಲ್ಲ. ನಮ್ಮ ಮೆಡಿಕಲ್ ಶಾಪಿನಲ್ಲಿ ಹತ್ತು ಮಾತ್ರೆ ಬೇಕಂದರೆ ಸ್ಟ್ರಿಪ್ಪು ಕತ್ತರಿಸಿ ಬ್ರೌನ್ ಕವರಿನಲ್ಲಿ ಹಾಕಿಕೊಡುತ್ತಾರೆ, ಹಾಳೆ ಡಬ್ಬದ ಜೊತೆ ಕಸಕ್ಕೆ. ನಾಲ್ಕು ವರ್ಷದಲ್ಲಿ ಒಬ್ಬರೂ ಅಮ್ಮನಿಗೆ ಕನ್ನಡದಲ್ಲಿ ಎರಡು ಮಾತು ಹೇಳಲಿಲ್ಲ. ‘ಇವರ ಸ್ವಭಾವದಲ್ಲಿ ಏನಾದರೂ ಬದಲಾವಣೆ ಕಂಡರೆ, ಹಣ, ಆಟ, ತಿಂಡಿ, ಹಾಸಿಗೆ, ಯಾವುದರಲ್ಲಾದರೂ, ನಾಚಿಕೆ ಪಡದೆ ನನಗೆ ಹೇಳಿ.’ ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ರೋಗಿಗೆ ಮಾತ್ರ ಹೇಳಿದರೆ ಸಾಲದು, ಯಾಕೆಂದರೆ ಅಪ್ಪನಿಗೆ ತನ್ನಲ್ಲಿ ಏನೂ ಬದಲಾದ ಹಾಗೆ ಅನ್ನಿಸಿರಲೇ ಇಲ್ಲ. ಮನೆಯವರಿಗೆ ಹೇಳಬೇಕು. ಕಾಲು ಸುಮ್ಮನಿರದೆ ಜುಂ ಅನ್ನುವ ಕಾಯಿಲೆಗೂ ಇವೇ ಮಾತ್ರೆ ಕೊಡುತ್ತಾರೆ, ಪ್ರೊಲ್ಯಾಕ್ಟಿನ್ ಹೆಚ್ಚಾದವರಿಗೆ ಕೊಡುವ ಕ್ಯಾಬರ್ಗೋಲಿನ್ ಕೂಡ ಇದೇ ಗುಂಪು. ಅವರ ಮನೆಯವರಿಗೂ ಹೇಳಬೇಕು.

ಫ್ರಾನ್ಸಿನಲ್ಲಿ ಒಬ್ಬರ ಕಥೆ ಓದಿದೆ. 2003ರಲ್ಲಿ ಅವರಿಗೆ ರೋಪಿನಿರೋಲ್ ಶುರುವಾಯಿತು. ಇಂಟರ್ನೆಟ್ಟಿನಲ್ಲಿ ಜೂಜಾಡಿ ಉಳಿತಾಯವೆಲ್ಲ ಹೋಯಿತು, ಕೊನೆಗೆ ಮಕ್ಕಳ ಆಟಿಕೆಗಳನ್ನೂ ಮಾರಿದರು. 2012ರಲ್ಲಿ ರೆನ್ ನಗರದ ಮೇಲ್ಮನವಿ ನ್ಯಾಯಾಲಯ ಅವರಿಗೆ ಔಷಧ ಕಂಪನಿಯಿಂದ ಸುಮಾರು 1,97,000 ಯೂರೋ ಪರಿಹಾರ ಕೊಡಿಸಿತು. ಹಣಕ್ಕಿಂತ, ಒಂದು ಕೋರ್ಟು ಕೂತು ‘ಇದು ಮಾತ್ರೆಯಿಂದ ಆಯಿತು’ ಅಂತ ಬರೆದುಕೊಟ್ಟಿತಲ್ಲ, ಆ ಹಾಳೆಯ ಬಗ್ಗೆ ನನಗೆ ಆಸೆಯಾಯಿತು. ಅಂಥ ಒಂದು ಹಾಳೆ ಇದ್ದಿದ್ದರೆ ದೊಡ್ಡಪ್ಪನಿಗೆ ತೋರಿಸಬಹುದಿತ್ತು.

ಆದರೆ ದೊಡ್ಡಪ್ಪ ಹೇಳಿದ್ದು ಪೂರ್ತಿ ಸುಳ್ಳಾ? ಇದು ನನ್ನನ್ನು ಬಹಳ ಕಾಡಿದೆ. ಡೊಮಿನಿಯನ್ ಅಧ್ಯಯನದಲ್ಲಿ ಯಾರಿಗೆ ಅಪಾಯ ಹೆಚ್ಚು ಅಂತಲೂ ನೋಡಿದ್ದರು. ವಯಸ್ಸು ಕಡಿಮೆ ಇದ್ದವರು, ಬೀಡಿ ಸಿಗರೇಟು ಸೇದುವವರು, ಮತ್ತು ಮನೆತನದಲ್ಲಿ ಜೂಜಿನ ತೊಂದರೆ ಇದ್ದವರು. ಅಂದರೆ ಅಜ್ಜ. ಅಂದರೆ ಒಳಗೆ ಏನೋ ಇತ್ತು. ಅದೇ ಮಾತ್ರೆ ನುಂಗಿದ ಎಷ್ಟೋ ಜನ ಒಂದು ಲಾಟರಿ ಟಿಕೆಟ್ಟನ್ನೂ ಕೊಳ್ಳುವುದಿಲ್ಲ.

ನಾನು ಇದನ್ನು ಈಗ ನೋಡುವುದು ಹೀಗೆ. ಅಪ್ಪನಿಗೆ ಆಸೆ ಇರಲಿಲ್ಲ ಅಂತಲ್ಲ, ಇತ್ತು. ಮದುವೆ ಮನೆಯಲ್ಲಿ ಎದ್ದು ಅಡುಗೆಯವರ ಹತ್ತಿರ ಹೋಗುತ್ತಿದ್ದವನು ಯಾಕೆ ಹೋಗುತ್ತಿದ್ದ? ಆಸೆಯೇ ಇಲ್ಲದವನು ಅಲ್ಲೇ ಕೂತು ಎಲೆ ಅಡಿಕೆ ಹಾಕಿಕೊಂಡು ಆಟ ನೋಡುತ್ತಿದ್ದ. ಅಪ್ಪ ಎದ್ದು ಹೋಗಬೇಕಾಗಿತ್ತು. ನಲವತ್ತು ವರ್ಷ, ಪ್ರತಿ ಸಲ ಎದ್ದು ಹೋಗಿದ್ದಾನೆ. ಹುಟ್ಟುಗುಣ ಅನ್ನುವುದು ಅಜ್ಜನಿಂದ ಬಂದದ್ದಾದರೆ, ಹಾಗೆ ಎದ್ದು ಹೋಗುವುದು ಅಪ್ಪ ತಾನೇ ದುಡಿದು ಮಾಡಿಕೊಂಡದ್ದು. ಮಾತ್ರೆ ಕಿತ್ತುಕೊಂಡಿದ್ದು ಅದನ್ನು. ಅವನ ಸ್ವಂತ ಸಂಪಾದನೆಯನ್ನು. ಹಾಗಿರುವಾಗ ‘ನೀನು ಅಜ್ಜನ ಮಗನೇ’ ಅಂದ ನನ್ನ ಮಾತು ಎಷ್ಟು ಆಳಕ್ಕೆ ಹೋಗಿರಬೇಕು ಯೋಚಿಸಿ. ಕ್ಷಮೆ ಕೇಳಿದೆ. “ಹೋಗ್ಲಿ ಬಿಡೆ” ಅಂದ. ಅವನು ಬಿಟ್ಟಿದ್ದಾನೆ. ನನಗೆ ಇನ್ನೂ ಆಗಿಲ್ಲ.

ಒಂದು ಸಲ ಅಪ್ಪನೇ ಹೇಳಿದ, “ಆಗ ಮೈ ಹಗುರ ಇತ್ತು ಕಣೆ. ಇಪ್ಪತ್ತು ವರ್ಷದ ಹುಡುಗನ ಹಾಗೆ. ಆ ಮನುಷ್ಯ ನಾನಲ್ಲ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ.” ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಕಾನೂನಿನ ವಿಷಯ ಚುಟುಕಾಗಿ. ಅಪ್ಪ ಆಡುವಾಗ ಫೋನಿನ ರಮ್ಮಿಗೆ ಇಲ್ಲಿ ತಡೆ ಇರಲಿಲ್ಲ. 2021ರಲ್ಲಿ ನಮ್ಮ ರಾಜ್ಯ ಪೊಲೀಸ್ ಕಾಯ್ದೆ ತಿದ್ದಿ ನಿಷೇಧಿಸಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ತಳ್ಳಿಹಾಕಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು. ಒಳ್ಳೆಯದೇ ಆಯಿತು. ಆದರೆ ವಾಚಿನ ಅಂಗಡಿ ತೆರೆದೇ ಇದೆ, ಸಿಹಿ ಅಂಗಡಿಯೂ.

ಅಪ್ಪ ಈಗ ಸಿಂಡೋಪಾ ಮಾತ್ರ ತಗೊಳ್ಳುತ್ತಾನೆ. ರಾತ್ರಿ ಮಲಗುತ್ತಾನೆ. ಫೋನು ಕರೆ ಮಾಡಲು ಮಾತ್ರ, ಬ್ಯಾಂಕಿನ ವ್ಯವಹಾರ ಅಮ್ಮನ ಹೆಸರಿನಲ್ಲಿ. ಅದನ್ನು ಮಾಡಿ ಅಂತ ಅಪ್ಪನೇ ಹೇಳಿದ್ದು. ಮೊದಲಿನಷ್ಟು ಚುರುಕಾಗಿ ಓಡಾಡಲು ಆಗುವುದಿಲ್ಲ. ಮಾತ್ರೆಯ ಅಮಲು ಇಳಿಯುವ ಹೊತ್ತಿಗೆ, ಊಟಕ್ಕೆ ಮುಂಚೆ, ಹೊಸ್ತಿಲಲ್ಲಿ ಕಾಲು ಅಂಟಿಕೊಂಡು ನಿಂತುಬಿಡುತ್ತಾನೆ. ಹೊಸ್ತಿಲ ಈಚೆ ಅಮ್ಮ ನೆಲಕ್ಕೆ ಸುಣ್ಣದ ಗೆರೆ ಎಳೆದಿದ್ದಾಳೆ. ಗೆರೆ ಕಂಡರೆ ಕಾಲು ದಾಟುತ್ತದೆ.

ಸರ ಬಿಡಿಸಿದ್ದು ಹೋದ ವರ್ಷ, ಅಡಿಕೆ ದುಡ್ಡು ಬಂದ ಮೇಲೆ. ಆ ಸಂಜೆ ಅಪ್ಪ ನೋಟ್‌ಬುಕ್ಕು ತೆಗೆದು, ಕನ್ನಡಕ ಹಾಕಿಕೊಂಡು ಕೂತ. ತಾರೀಖು, ಅಸಲು, ಬಡ್ಡಿ, ಒಟ್ಟು. ‘ಅವಲಕ್ಕಿ ಸರ ಒಂದು, 38 ಗ್ರಾಂ, ಬಿಡಿಸಿದ್ದು’ ಅಂತ ಬರೆದ. ‘ಅವಲಕ್ಕಿ’ ದುಂಡಗಿದೆ. ‘ಬಿಡಿಸಿದ್ದು’ ಎಷ್ಟು ಸಣ್ಣದಿದೆ ಅಂದರೆ ಅಮ್ಮ ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು ಓದಿದಳು. ಆಮೇಲೆ ಕೆಳಗೆ ಸಹಿ ಹಾಕು ಅಂದ ಅಪ್ಪ, ಕ್ಯಾಷ್ ಕೌಂಟರಿನ ಹಾಗೆ. ಅಮ್ಮ ಹಾಕಿದಳು.